ಅಳಿಯ ಓಡುತ್ತಾನೆ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನಾಯಿಗೆ ಹೆದರುತ್ತಿದ್ದೆ, ಹಾಯುವ ಹಸುವಿಗೆ ಹೆದರುತ್ತಿದ್ದೆ, ಕೆರೆಯ ನೀರಿಗೆ, ಹಲ್ಲಿಗೆ, ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರರಿಗೆ, ಕೊನೆಗೆ ನನ್ನ ತರಗತಿಯ ಕೆಲವು ಹುಡುಗರಿಗೂ ಹೆದರುತ್ತಿದ್ದೆ. ಹೆದರಿದವನಿಗೆ ಇರುವುದು ಎರಡೇ ದಾರಿ. ನಿಂತು ನಡುಗಬೇಕು, ಇಲ್ಲವೇ ಓಡಬೇಕು. ನಿಲ್ಲುವುದಕ್ಕೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಅದು ನನ್ನಲ್ಲಿ ಇರಲಿಲ್ಲವಾದ್ದರಿಂದ ಓಡುತ್ತಿದ್ದೆ. ಓಡಿ ಓಡಿ ನನ್ನ ಕಾಲುಗಳು ಪಳಗಿದವು, ಅಷ್ಟೇ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮನೆಯಿಂದ ಶಾಲೆಗೆ ಹೋಗಬೇಕಾದರೆ ರೇಷ್ಮೆ ನೂಲು ತೆಗೆಯುವವರ ಓಣಿಯನ್ನು ದಾಟಬೇಕಿತ್ತು. ಗೂಡು ಬೇಯಿಸಿ ನೂಲು ಸುತ್ತಿಕೊಂಡ ಮೇಲೆ ಉಳಿಯುವ ಬೆಂದ ಹುಳುವನ್ನು ಅವರು ಹಿತ್ತಿಲಿಗೆ ಎಸೆಯುತ್ತಿದ್ದರು. ಅದನ್ನು ತಿಂದು ತಿಂದು ಆ ಓಣಿಯ ನಾಯಿಗಳು ಕರುವಿನ ಗಾತ್ರಕ್ಕೆ ಬೆಳೆದಿದ್ದವು. ನನ್ನ ಹೆದರಿಕೆಯ ವಾಸನೆ ಅವಕ್ಕೆ ಹೇಗೋ ಗೊತ್ತಾಗುತ್ತಿತ್ತು. ದಿನಾ ಬೆಳಿಗ್ಗೆ ನಾನು ಪಂಚೆ ಮೊಣಕಾಲಿಗೆತ್ತಿ, ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಆ ಓಣಿಯಲ್ಲಿ ಹಾರಿಕೊಂಡು ಹೋಗುವುದನ್ನು ನಮ್ಮ ಹೆಡ್‌ಮೇಷ್ಟ್ರು ಶಾಲೆಯ ಜಗಲಿಯಿಂದ ನೋಡುತ್ತಿದ್ದರಂತೆ. ಅವರಿಗೆ ಅದು ಪ್ರತಿಭೆಯಾಗಿ ಕಂಡಿತು.

ಆಗೆಲ್ಲ ಸೈಕಲ್ಲಿನಿಂದ ಇಳಿಯದೆ ಹಗಲೂ ಇರುಳೂ ಮೈದಾನ ಸುತ್ತುವವರು ಊರೂರಿಗೆ ಬರುತ್ತಿದ್ದರು. ಚಿಂತಾಮಣಿಗೆ ಅಂಥವನೊಬ್ಬ ಬಂದು ಹೋದ ಮೇಲೆ ಸುತ್ತಮುತ್ತಲಿನ ಊರುಗಳ ಉತ್ಸಾಹಿಗಳಿಗೆ ಮೈಯೆಲ್ಲ ನವೆ ಶುರುವಾಯಿತು. ಹೊರಗಿನವನು ಅಷ್ಟು ಮಾಡಿದರೆ ನಮ್ಮವರು ಏನು ಕಮ್ಮಿ ಎಂದು ಒಂದು ಓಟ ಗೊತ್ತುಮಾಡಿದರು. ಚಿಂತಾಮಣಿಯಲ್ಲಿ ಹೊರಟು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನಲ್ಲಿ ನಿಲ್ಲುವುದು. ಹತ್ತಿರ ಹತ್ತಿರ ಐವತ್ತು ಮೈಲಿ. ದಸರಾ ರಜೆಯಲ್ಲಿ ನಡೆಯಬೇಕು, ಊರಿಗೆ ಒಬ್ಬರಾದರೂ ಇರಬೇಕು.

ಹೆಡ್‌ಮೇಷ್ಟ್ರು ಒಂದು ಮಧ್ಯಾಹ್ನ ನನ್ನನ್ನು ಕರೆದರು. "ಮೇಷ್ಟ್ರೇ, ನಮ್ಮೂರಿನ ಮರ್ಯಾದೆ ನಿಮ್ಮ ಕಾಲಲ್ಲಿದೆ. ನಿಮ್ಮ ಹೆಸರು ಕೊಟ್ಟುಬಿಟ್ಟಿದೀನಿ" ಎಂದರು.

ಬೇಡ ಸಾರ್ ಎನ್ನಲು ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು "ಆಗಲಿ ಸಾರ್." ಅವರನ್ನು ಕಂಡರೂ ನನಗೆ ಭಯವಿತ್ತು. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು.

ನನಗೆ ಮದುವೆಯಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಹೆಂಡತಿಯ ತವರು ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯ ಮೇಲಿನ ಒಂದು ಹಳ್ಳಿ. ಅವಳು ಮಾತು ಕಡಿಮೆಯ ಹುಡುಗಿ. ನಾವು ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಆದರೆ ಒಂದು ದಿನ ಊಟಕ್ಕೆ ಕುಳಿತಾಗ ಸೂರಿನಿಂದ ಹಲ್ಲಿ ಬಿದ್ದು ನಾನು ಎಲೆ ಬಿಟ್ಟು ಎದ್ದು ಹೊಸ್ತಿಲಾಚೆ ಹೋಗಿ ನಿಂತಿದ್ದೆ. ನಮ್ಮಮ್ಮ ಬಿದ್ದು ಬಿದ್ದು ನಕ್ಕಳು. ಹೆಂಡತಿ ನಗಲಿಲ್ಲ. ಪೊರಕೆ ತಂದು ಹಲ್ಲಿಯನ್ನು ಹೊರಗೆ ದಬ್ಬಿ, "ಹೋಯ್ತು, ಬನ್ನಿ" ಎಂದಳು. ಅವತ್ತಿನಿಂದ ನನಗೆ ಅವಳ ಮೇಲೆ ಜೀವ. ಮೊದಲ ಸಲ ಒಂದು ಮನೆಯಲ್ಲಿ ಹೆದರಿಕೆಯಿಲ್ಲದೆ ಉಸಿರಾಡಿದ ಹಾಗಿತ್ತು. ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಆಷಾಢದಲ್ಲಿ ಹೊಸ ಮದುಮಗಳು ತವರಿನಲ್ಲಿರಬೇಕು, ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಮಾವ ಬಂದು ಅವಳನ್ನು ಕರೆದುಕೊಂಡು ಹೋದರು. ಶ್ರಾವಣ ಹುಟ್ಟಿದ ಕೂಡಲೇ ಕಳಿಸುವುದೆಂದು ಮಾತಾಗಿತ್ತು. ಹೆಡ್‌ಮೇಷ್ಟ್ರು ನನ್ನ ಹೆಸರು ಕೊಟ್ಟದ್ದು ಅವಳು ಹೋದ ಮೇಲೆ. ಆದ್ದರಿಂದ ಈ ಓಟದ ಸುದ್ದಿ ಅವಳಿಗೂ ಗೊತ್ತಿಲ್ಲ, ಅವರ ಮನೆಯವರಿಗೂ ಗೊತ್ತಿಲ್ಲ.

ಅಭ್ಯಾಸಕ್ಕೆ ಹೆಡ್‌ಮೇಷ್ಟ್ರೇ ಗುರು. ಅವರು ಜೀವಮಾನದಲ್ಲಿ ಬಸ್ಸು ಹಿಡಿಯಲೂ ಓಡಿದವರಲ್ಲ. ನೆನೆಸಿದ ಹುರುಳಿಕಾಳು ತಿನ್ನಬೇಕು, ಏಕೆಂದರೆ ಕುದುರೆ ತಿನ್ನುವುದು ಅದನ್ನೇ. ಓಡುವಾಗ ನೀರು ಕುಡಿಯಬಾರದು, ಕರುಳು ತಿರುಚಿಕೊಳ್ಳುತ್ತದೆ. ಒಣಗಿದ ನೆಲ್ಲಿಕಾಯಿಯ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ತುಟಿ ಬಿಗಿಹಿಡಿದು ಓಡಬೇಕು. ಬಾಯಿ ಬಿಟ್ಟರೆ ಪಕ್ಕೆ ಹಿಡಿಯುತ್ತದೆ, ಆದ್ದರಿಂದ ಯಾರು ಮಾತಾಡಿಸಿದರೂ ಮಾತಾಡಬಾರದು. ನಾನು ಎಲ್ಲಕ್ಕೂ ಆಗಲಿ ಸಾರ್ ಎಂದೆ, ಎಲ್ಲವನ್ನೂ ಹಾಗೇ ಮಾಡಿದೆ.

ಬೆಳಿಗ್ಗೆ ಕೋಳಿ ಕೂಗಿದ ಮೇಲೆ ಎದ್ದು ಚಿಕ್ಕಬಳ್ಳಾಪುರದ ರಸ್ತೆ ಹಿಡಿಯುತ್ತಿದ್ದೆ. ಖಾಕಿ ಚಡ್ಡಿ, ಬನಿಯನ್, ಕ್ಯಾನ್ವಾಸ್ ಬೂಟು. ಎರಡು ಕಡೆಯೂ ಹಿಪ್ಪುನೇರಳೆ ತೋಟ, ನಡುನಡುವೆ ಹುಣಸೆಮರಗಳು, ಎದುರಿಗೆ ಮಂಜು ಹೊದ್ದ ನಂದಿಬೆಟ್ಟದ ಸಾಲು. ಇವೆಲ್ಲ ಈಗ ನೆನೆದರೆ ಚೆಂದ. ಆಗ ನಾನು ನೋಡುತ್ತಿದ್ದದ್ದು ಬೇರೆ. ಆ ಹುಣಸೆಮರದ ಹಿಂದೆ ಏನಿದೆ, ಆ ಬೇಲಿಯಲ್ಲಿ ಸರಿದದ್ದು ಏನು, ಹಿಂದೆ ಬರುತ್ತಿರುವುದು ನನ್ನ ಹೆಜ್ಜೆಯ ಸದ್ದೋ ಇನ್ನೊಬ್ಬರದ್ದೋ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಎದೆಯ ಭಯ. ಚಿಕ್ಕವನಿದ್ದಾಗ ಚಿಕ್ಕಬಳ್ಳಾಪುರದಲ್ಲಿ ಒಂದು ಜಟಕಾ ಕುದುರೆ ಓಡುತ್ತಾ ಓಡುತ್ತಾ ಕುಸಿದು ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಅದರ ಮೂಗಿನಿಂದ ರಕ್ತ ಬಂದಿತ್ತು. "ಎದೆ ಒಡೀತು ಪಾಪ" ಎಂದು ಜನ ಅಂದಿದ್ದರು. ಅದೂ ಹುರುಳಿ ತಿಂದ ಕುದುರೆಯೇ ತಾನೆ. ನನಗೆ ಎದೆ ಡವಗುಟ್ಟತೊಡಗಿದ ಕೂಡಲೇ ಕೈಯನ್ನು ಮೂಗಿಗೆ ಒಯ್ದು ನೋಡಿಕೊಳ್ಳುತ್ತಿದ್ದೆ. ಬೆರಳಿಗೆ ಬೆವರು ಅಂಟಿದರೆ ದೇವರು ದೊಡ್ಡವನು ಎಂದುಕೊಂಡು ಮುಂದಕ್ಕೆ ಓಡುವುದು, ಮತ್ತೆ ಮೂಗು ಮುಟ್ಟುವುದು.

ಆಷಾಢದ ನಡುವೆ ಒಂದು ಬೆಳಗ್ಗೆ ಚಿಕ್ಕಬಳ್ಳಾಪುರ ಹತ್ತಿರವಾದಾಗ ಎದುರಿಗೆ ಒಂದು ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ಆಲೂಗಡ್ಡೆ ಮೂಟೆ, ಮೂಟೆಯ ಮೇಲೆ ಮಾವನ ಪಕ್ಕದ ಮನೆಯ ಯಜಮಾನರು. ಮದುವೆಯಲ್ಲಿ ನನಗೆ ಪರಿಚಯವಾಗಿದ್ದವರು. ಅವರ ಮನೆಮಾತು ತೆಲುಗು.

"ಎಕ್ಕಡಿಕಿ ಅಲ್ಲುಡೂ, ಇಂತ ಪೊದ್ದುನ್ನೇ?" ಎಂದು ಖುಷಿಯಾಗಿ ಕೂಗಿದರು. ಎಲ್ಲಿಗಪ್ಪಾ ಅಳಿಯಾ ಇಷ್ಟು ಬೆಳಿಗ್ಗೆಯೇ, ಎಂದು.

ನಿಂತು ಮಾತಾಡುವುದು ಮರ್ಯಾದೆ. ಆದರೆ ಮಾತಾಡಿದರೆ ಪಕ್ಕೆ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆಷಾಢದಲ್ಲಿ ಅಳಿಯ ಚಡ್ಡಿ ಹಾಕಿಕೊಂಡು ಅತ್ತೆಮನೆಯ ದಿಕ್ಕಿಗೆ ಓಡುತ್ತಿದ್ದಾನೆ ಎಂದು ಅವರು ಊರಿಗೆ ಹೋಗಿ ಹೇಳಿದರೆ ನನ್ನ ಮಾನ ಏನಾಗಬೇಕು? ನಾನು ತುಟಿ ಬಿಗಿದುಕೊಂಡೆ, ಕಣ್ಣು ನೆಟ್ಟಗೆ ಮುಂದಕ್ಕೆ ಇಟ್ಟೆ, ಮೂಗು ಮುಟ್ಟಿ ನೋಡಿಕೊಂಡೆ, ಅವರ ಎತ್ತುಗಳ ಪಕ್ಕದಲ್ಲೇ ಓಡಿಹೋದೆ. ಸ್ವಲ್ಪ ದೂರ ಹೋದ ಮೇಲೆ, ತಿರುಗಿ ಬರುವಾಗ ಮತ್ತೆ ಅವರೇ ಸಿಕ್ಕಾರೆಂದು ಹೆದರಿ ತೋಟದೊಳಗೆ ನುಗ್ಗಿ ಹೋದೆ. ಗಾಡಿಯ ಮೇಲೆ ಎದ್ದು ನಿಂತು ಅವರು ಅದನ್ನೂ ನೋಡಿದರು.

ಮುಂದೆ ಅವರ ಊರಿನಲ್ಲಿ ಏನಾಯಿತೆಂಬುದು ನನಗೆ ಬಹಳ ದಿನಗಳ ಮೇಲೆ ಹೆಂಡತಿಯ ಬಾಯಿಂದ ತಿಳಿಯಿತು. ಮೊದಲು ಹೆಂಗಸರು ನಕ್ಕರಂತೆ, ಹೆಂಡತಿಯನ್ನು ಬಿಟ್ಟಿರಲಾರದೆ ಓಡಿ ಬರ್ತಿದ್ದಾನೆ ಎಂದು. ಗಾಡಿಯ ಯಜಮಾನರು ನಗಲಿಲ್ಲ. ಮುಖದಲ್ಲಿ ಕಳೆಯಿಲ್ಲ, ಕರೆದರೆ ಓಗೊಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಮೂಗು ಹಿಡ್ಕೊಂಡು ಓಡಿದ, ಆಮೇಲೆ ದಾರಿ ಬಿಟ್ಟು ಗಿಡದೊಳಗೆ ಹೊಕ್ಕ ಎಂದರು. ನಗು ನಿಂತಿತು. ಅಳಿಯನಿಗೆ ಯಾವುದೋ ದೆವ್ವ ಮೆಟ್ಟಿಕೊಂಡಿದೆ ಎಂದು ಸಂಜೆಯೊಳಗೆ ಊರು ತೀರ್ಮಾನ ಮಾಡಿತು. ಊರ ಬಾಯಿ ಮುಚ್ಚಿಸುವುದಕ್ಕಾಗುತ್ತದೆಯೇ?

ಶ್ರಾವಣ ಬಂತು, ಹೆಂಡತಿ ಬರಲಿಲ್ಲ. ಒಳ್ಳೆಯ ದಿನ ನೋಡಿ ಕಳಿಸುತ್ತೇವೆ ಎಂದು ಹೇಳಿ ಕಳಿಸಿದರು. ಎರಡನೆಯ ವಾರವೂ ಅದೇ ಮಾತು. ನಮ್ಮಮ್ಮ ಪಂಚಾಂಗ ತೆಗೆಸಿ ನೋಡಿದರೆ ಒಳ್ಳೆಯ ದಿನಗಳು ಸಾಲಾಗಿ ನಿಂತಿದ್ದವು. ಅವಳಿಗೆ ನಾನು ಬೇಡವಾದೆನೇ? ಹಲ್ಲಿಗೆ ಹೆದರುವ ಗಂಡ ಎಂದು ಮನೆಯಲ್ಲಿ ಹೇಳಿಬಿಟ್ಟಳೇ? ಅಥವಾ ಓಟದ ಸುದ್ದಿ ತಿಳಿದು ಮಾವನಿಗೆ ಸಿಟ್ಟು ಬಂತೇ? ದಾರಿಯುದ್ದಕ್ಕೂ ಇದೇ ಯೋಚನೆ. ಮೊದಲು ನನಗೆ ಎದೆ ಒಡೆಯುವ ಭಯ ಒಂದೇ ಇತ್ತು. ಈಗ ಅವಳು ಬಾರದೇ ಇರುವ ಭಯ ಬಂದು ಅದರ ಪಕ್ಕದಲ್ಲಿ ಕುಳಿತುಕೊಂಡಿತು. ಎರಡನ್ನೂ ಹೊತ್ತುಕೊಂಡು ಓಡಬೇಕಾಯಿತು.

ಒಂದು ಗುರುವಾರ ಬೆಳಿಗ್ಗೆ ಮಾವ ಒಬ್ಬರೇ ಬಂದರು. ಜಗಲಿಯ ಮೇಲೆ ಕುಳಿತು, ಅಮ್ಮ ಕೊಟ್ಟ ಕಾಫಿಯನ್ನು ಪಕ್ಕದಲ್ಲಿಟ್ಟು ನನ್ನ ಕಣ್ಣನ್ನೇ ನೋಡಿದರು. ನಾನು ನೆಲ ನೋಡಿದೆ.

"ಎಲ್ಲಾ ಗೊತ್ತಾಗಿದೆ ಅಳಿಯಂದ್ರೇ. ಮುಚ್ಚಿಡಬೇಡಿ."

"ಹೇಳಬೇಕು ಅಂತಾನೇ ಇದ್ದೆ" ಎಂದೆ. ಓಟದ ವಿಷಯ ತಿಳಿಯಿತೆಂದೇ ನನ್ನ ಎಣಿಕೆ.

"ಯಾವಾಗಿಂದ?"

"ಆಷಾಢದಿಂದ."

ಅವರು ನಿಟ್ಟುಸಿರು ಬಿಟ್ಟರು. "ಇರಲಿ. ನಿಮ್ಮ ತಪ್ಪೇನಿದೆ ಇದರಲ್ಲಿ. ಮುರುಗಮಲ್ಲಕ್ಕೆ ಒಂದ್ಸಲ ಹೋಗ್ಬರಣ. ಎಲ್ಲಾ ಸರಿಹೋಗುತ್ತೆ."

ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಮಾವ! ಬೈಯುವುದಿರಲಿ, ಓಟ ಚೆನ್ನಾಗಿ ಆಗಲೆಂದು ದರ್ಗಾಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಅಮ್ಮನೂ ಹಾಗೇ ತಿಳಿದು, "ಹೋಗ್ಬಾರಪ್ಪಾ, ಸಕ್ಕರೆ ಓದಿಸ್ಕೊಂಡು ಬಾ" ಎಂದಳು. ನಮ್ಮ ಕಡೆ ಮುರುಗಮಲ್ಲಕ್ಕೆ ಹೋಗಲು ಯಾವ ಜಾತಿಯವರೂ ಹಿಂದೆಮುಂದೆ ನೋಡುವುದಿಲ್ಲ. ಕಷ್ಟ ಬಂದವರೆಲ್ಲ ಹೋಗುತ್ತಾರೆ.

ಚಿಂತಾಮಣಿಗೆ ಬಸ್ಸು ಹತ್ತಿದೆವು. ಓಟದ ಮೊದಲ ಭಾಗ ಅದೇ ರಸ್ತೆ. ಕಿಟಕಿಯಿಂದ ಮೈಲಿಗಲ್ಲುಗಳನ್ನು ನೋಡುತ್ತಾ ಕುಳಿತೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಬಸ್ಸಿಗೇ ಅಷ್ಟು ಹೊತ್ತು ಹಿಡಿಯುತ್ತಿತ್ತು. ಏರುಗಳಲ್ಲಿ ಎಂಜಿನ್ನು ಹೂಂಕರಿಸಿ ಹೊಗೆ ಬಿಡುತ್ತಿತ್ತು, ಒಂದು ಕಡೆ ನಿಲ್ಲಿಸಿ ಅದಕ್ಕೆ ನೀರನ್ನೂ ಕುಡಿಸಿದರು. ಕಬ್ಬಿಣಕ್ಕೇ ನೀರು ಬೇಕು, ನನಗೆ ನೆಲ್ಲಿಕಾಯಿ ಚೂರು. ಪಕ್ಕದಲ್ಲಿ ಮಾವ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಪ್ರೀತಿ ಎಂದುಕೊಂಡೆ. ನಾನು ಬಸ್ಸಿನಿಂದ ಹಾರಿ ಓಡದಿರಲಿ ಎಂದು ಹಿಡಿದಿದ್ದರು.

ದರ್ಗಾದ ಅಂಗಳದಲ್ಲಿ ಜನ ತುಂಬಿದ್ದರು. ಲೋಬಾನದ ಹೊಗೆ, ಮಲ್ಲಿಗೆಯ ವಾಸನೆ. ಮಾವ ನನ್ನನ್ನು ಒಂದು ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿದ್ದ ಹೆಂಗಸು ತಲೆಗೂದಲು ಬಿಚ್ಚಿಕೊಂಡು ಏನೋ ಗೊಣಗುತ್ತಿದ್ದಳು. ಅವಳ ಆಚೆ ಒಬ್ಬ ಮುದುಕ ಗೋಡೆಯನ್ನು ನೋಡುತ್ತಾ ನಗುತ್ತಿದ್ದ. ಎದುರಿಗೆ ಒಂದು ಬೇವಿನಮರ. ಅದರ ಸುತ್ತ ನನ್ನ ವಯಸ್ಸಿನವನೊಬ್ಬ ಬಿರಬಿರನೆ ಸುತ್ತುತ್ತಿದ್ದ. ಅವನ ತಾಯಿಯಿರಬೇಕು, ಮರದ ಬುಡದಲ್ಲಿ ಗಂಟು ಹಿಡಿದು ಕುಳಿತಿದ್ದಳು. ಸುತ್ತುತ್ತಾನೆ, ಸುತ್ತುತ್ತಾನೆ, ನಿಲ್ಲುವುದಿಲ್ಲ. ತುಟಿ ಬಿಗಿದುಕೊಂಡಿದ್ದ. ಕಣ್ಣು ನೆಟ್ಟಗೆ ಮುಂದಕ್ಕಿತ್ತು.

ಆಗ ನನಗೆ ತಿಳಿಯಿತು, ನನ್ನನ್ನು ಎಲ್ಲಿ ತಂದು ಕೂರಿಸಿದ್ದಾರೆ, ಯಾತಕ್ಕೆ ಕೂರಿಸಿದ್ದಾರೆ ಎಂದು.

"ಮೆಟ್ಟಿಕೊಂಡೋರಿಗೆ ನೋವೇ ತಿಳಿಯಲ್ಲ" ಎಂದು ಮಾವ ಆ ಹುಡುಗನನ್ನು ತೋರಿಸಿ ಮೆಲ್ಲಗೆ ಹೇಳಿದರು. "ಮುಳ್ಳು ತುಳಿದ್ರೂ ಗೊತ್ತಾಗಲ್ಲ. ದಣಿವಿಲ್ಲ, ಬಾಯಾರಿಕೆಯಿಲ್ಲ. ನಿಮಗೆ ಕಾಲು ನೋಯುತ್ತಾ?"

"ಇಲ್ಲ" ಎಂದೆ. ಸುಳ್ಳು. ನನ್ನ ಎರಡು ಹಿಮ್ಮಡಿಗಳಲ್ಲೂ ಬೊಬ್ಬೆ ಒಡೆದು, ಒಳಗೆ ಬಟ್ಟೆ ಸುತ್ತಿಕೊಂಡಿದ್ದೆ. ಕಾಲು ನೋವೆನ್ನುವ ಅಳಿಯ ಯಾವ ಅಳಿಯ ಎಂದುಕೊಂಡಾರು ಎಂಬ ಭಯದಲ್ಲಿ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡು ಕುಳಿತೆ. ನನ್ನನ್ನು ಉಳಿಸಬಹುದಾಗಿದ್ದ ಸಾಕ್ಷಿಯನ್ನು ನಾನೇ ಮುಚ್ಚಿಟ್ಟುಕೊಂಡೆ.

ದರ್ಗಾ ನೋಡಿಕೊಳ್ಳುವ ಮುಜಾವರರ ಮುಂದೆ ಹೋಗುವ ಸರದಿ ಬಂತು. ಬಿಳಿ ಗಡ್ಡದ, ನಿದ್ದೆಗಣ್ಣಿನ ಹಿರಿಯರು. "ಏನು ತಕಲೀಫು?" ಎಂದು ಕೇಳಿದರು.

"ಓಡ್ತಾರೆ ಸಾಬರೇ" ಎಂದರು ಮಾವ.

"ಯಾರು ಅಟ್ಟಿಸ್ಕೊಂಡು ಬರ್ತಾರೆ?"

"ಯಾರೂ ಇಲ್ಲ."

"ಮತ್ತೆ ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗೂ ಇಲ್ಲ. ಒಂದಷ್ಟು ದೂರ ಹೋಗ್ತಾರೆ, ವಾಪಸ್ಸು ಬರ್ತಾರೆ. ದಿನಾ."

ನಾನು ಕೈಮುಗಿದು ಬೇಡಿಕೊಳ್ಳುವವನಂತೆ ಹೇಳಿದೆ. ಇದು ಪಂದ್ಯ, ಚಿಂತಾಮಣಿಯಿಂದ ಗೌರಿಬಿದನೂರಿಗೆ ಐವತ್ತು ಮೈಲಿ ಓಡಬೇಕು, ಅದಕ್ಕೆ ಅಭ್ಯಾಸ ಮಾಡುತ್ತಿದ್ದೇನೆ, ಬೇರೇನೂ ಇಲ್ಲ ಎಂದೆ. ಮಾವ "ಬಸ್ಸಿದೆಯಲ್ಲ ಅಳಿಯಂದ್ರೇ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಮುಜಾವರರ ಕಡೆ ತಿರುಗಿ, "ನೋಡಿದ್ರಾ? ಹಿಂಗೇ ಮಾತಾಡ್ತಾರೆ" ಎಂದರು. ನಿಜ ಹೇಳಿ ನಾನು ಇನ್ನಷ್ಟು ಕೆಟ್ಟೆ.

ಮುಜಾವರರು ನವಿಲುಗರಿಯ ಕಟ್ಟಿನಿಂದ ನನ್ನ ತಲೆಯಿಂದ ಕಾಲಿನವರೆಗೆ ನೀವಿದರು. "ಹೆದರಿಕೆ ಇದೆಯಾ ಬೇಟಾ?" ಎಂದು ಕೇಳಿದರು.

ಜೀವನದಲ್ಲಿ ಯಾರೂ ನನ್ನನ್ನು ಹಾಗೆ ನೇರವಾಗಿ ಕೇಳಿರಲಿಲ್ಲ. "ಇದೆ" ಎಂದೆ. ಅವರು ಕೈಗೊಂದು ಕರಿದಾರ ಕಟ್ಟಿ, ಸಕ್ಕರೆ ಕೊಟ್ಟು, ಮೂರು ಗುರುವಾರ ಬಂದು ಹೋಗಿ ಎಂದರು. ಅಲ್ಲಿಯವರೆಗೆ ಓಡುವುದಿಲ್ಲ ಎಂದು ಮಾವ ಅಲ್ಲೇ ನನ್ನಿಂದ ಮಾತು ತೆಗೆದುಕೊಂಡರು, ಮೂರನೆಯ ಗುರುವಾರ ಮುಗಿದ ಮೇಲೆ ಮಗಳನ್ನು ಕಳಿಸುತ್ತೇನೆ ಎಂದರು. ನಾನು ಆಗಲಿ ಎಂದೆ. ಹೊರಗೆ ಬರುವಾಗ ಆ ಹುಡುಗ ಇನ್ನೂ ಬೇವಿನಮರ ಸುತ್ತುತ್ತಿದ್ದ. ಅವನಿಗೂ ನನಗೂ ಏನು ವ್ಯತ್ಯಾಸ ಎಂದು ಯೋಚಿಸಿದೆ. ನನಗೆ ಸಿಕ್ಕ ಉತ್ತರ ಒಂದೇ, ಅವನ ಹೆಸರನ್ನು ಯಾವ ಹೆಡ್‌ಮೇಷ್ಟ್ರೂ ಕೊಟ್ಟಿರಲಿಲ್ಲ.

ಓಡುವುದನ್ನು ನಿಲ್ಲಿಸಿದೆ. ಹೆಡ್‌ಮೇಷ್ಟ್ರಿಗೆ ನೆಗಡಿ ಎಂದೆ. ಸುಮ್ಮನೆ ಕುಳಿತರೆ ಭಯ ಕಡಿಮೆಯಾಗಬೇಕಿತ್ತಲ್ಲವೇ? ಇನ್ನೂ ಹೆಚ್ಚಾಯಿತು. ಕೋಳಿ ಕೂಗಿದ ಕೂಡಲೇ ಕಾಲುಗಳು ತಾವಾಗಿಯೇ ಅಲುಗಾಡುತ್ತಿದ್ದವು. ಮಲಗಿದ್ದಲ್ಲೇ ಬೆವರುತ್ತಿದ್ದೆ. ಓಡಬೇಕೆಂದು ಮೈ ಬೇಡುತ್ತಿತ್ತು. ನಾನು ಬೇಡವೆಂದರೂ ನನ್ನ ಕಾಲು ಹೋಗುತ್ತೇನೆ ಎನ್ನುತ್ತಿದ್ದರೆ ಅದಕ್ಕೆ ಏನೆನ್ನಬೇಕು? ಮಾವ ಹೇಳಿದ್ದು ನಿಜವಿರಬಹುದೇ? ಹುಣಸೆಮರದ ಕೆಳಗೆ ಹಾದು ಹೋದ ಯಾವುದೋ ಒಂದು ಬೆಳಗ್ಗೆ ನನ್ನೊಳಗೆ ಏನಾದರೂ ಹೊಕ್ಕಿರಬಹುದೇ? ಬಾವಿಕಟ್ಟೆಯಲ್ಲಿ ಬಗ್ಗಿ ನೀರಿನಲ್ಲಿ ನನ್ನ ಮುಖವನ್ನು ನೋಡಿಕೊಂಡೆ. ಯಾರದೋ ಮುಖದ ಹಾಗಿತ್ತು. ಆ ದಿನಗಳಷ್ಟು ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ. ನಾಯಿಯಿಂದ ಓಡಿ ತಪ್ಪಿಸಿಕೊಳ್ಳಬಹುದು. ತನ್ನಿಂದ ತಾನು ಎಲ್ಲಿಗೆ ಓಡುವುದು?

ಮೂರು ಗುರುವಾರಗಳೂ ಮುಗಿದವು. ಶನಿವಾರ ಸಂಜೆ ಮಾವನ ಕಡೆಯಿಂದ ಒಬ್ಬರು ಬಂದು ಹೇಳಿದರು. ಗೌರಿಹಬ್ಬ ಹತ್ತಿರ ಬಂತು, ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎಂದು. ಕಳಿಸುತ್ತೇವೆ ಎನ್ನಲಿಲ್ಲ. ನೋಡೋಣ ಎಂದರು. ಮದುವೆಯಾದ ವರ್ಷದ ಗೌರಿಹಬ್ಬಕ್ಕೆ ತವರಿನ ಬಾಗಿನ ಗಂಡನ ಮನೆಗೆ ಬರಬೇಕು. ಬಾಗಿನವೂ ಇಲ್ಲ, ಮಗಳೂ ಇಲ್ಲ ಎಂದರೆ ಸಂಬಂಧ ಮುರಿದಂತೆಯೇ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಎದ್ದಾಗ ನನಗೆ ಸಿಟ್ಟು ಬಂದಿತ್ತು. ಪುಕ್ಕಲನ ಸಿಟ್ಟು ಬಹಳ ಹೊತ್ತು ಇರುವುದಿಲ್ಲ, ಇರುವಾಗಲೇ ಕೆಲಸ ಮುಗಿಸಿಕೊಳ್ಳಬೇಕು. ಬೂಟು ಕಟ್ಟಿಕೊಂಡೆ.

"ಎಲ್ಲಿಗೋ?" ಎಂದಳು ಅಮ್ಮ.

"ಅವಳನ್ನ ಕರ್ಕೊಂಡು ಬರ್ತೀನಿ."

"ಬಸ್ಸಿಗೆ ಇನ್ನೂ ಹೊತ್ತಿದೆ ಕಣೋ!"

ಬಸ್ಸು ಬರುವಷ್ಟರಲ್ಲಿ ನನ್ನ ಸಿಟ್ಟು ಇಳಿದುಹೋಗುತ್ತಿತ್ತು. ಓಡಿದೆ.

ಚಿಕ್ಕಬಳ್ಳಾಪುರದವರೆಗೆ ಸಿಟ್ಟು ಕರೆದುಕೊಂಡು ಹೋಯಿತು. ಊರಿನ ನಡುವೆ ಜನ ನೋಡಿದರು, ನೋಡಲಿ ಎಂದುಕೊಂಡೆ. ಅಲ್ಲಿಂದ ಮುಂದೆ ನಾನು ಅದುವರೆಗೆ ಎಂದೂ ಓಡದ ರಸ್ತೆ. ಗುಡ್ಡಗಳ ನಡುವೆ ಏರು, ಇಳಿತ, ಮತ್ತೆ ಏರು. ಸಿಟ್ಟು ಮುಗಿಯಿತು, ಭಯ ಹಿಂತಿರುಗಿ ಬಂತು. ಮೂಗು ಮುಟ್ಟಿಕೊಂಡೆ. ಹಿಮ್ಮಡಿಯ ಹಳೆಯ ಗಾಯಗಳು ಬಿಚ್ಚಿಕೊಂಡವು. ಬೂಟು ಕಚ್ಚತೊಡಗಿತು. ಬಿಚ್ಚಿ, ಕತ್ತಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಓಡಿದೆ. ಜಲ್ಲಿಕಲ್ಲಿನ ರಸ್ತೆ. ಒಂದು ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದವರ ಹತ್ತಿರ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದೆ. ಕರುಳು ತಿರುಚಿಕೊಳ್ಳಲಿಲ್ಲ. ಹೆಡ್‌ಮೇಷ್ಟ್ರ ಮೇಲೆ ನನಗಿದ್ದ ಭಯ ಅಲ್ಲಿ ಸ್ವಲ್ಪ ಕಡಿಮೆಯಾಯಿತು.

ಆ ಹಳ್ಳಿಗೆ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ನಾಯಿಗಳು ಬೊಗಳುತ್ತಾ ಬಂದವು. ಅವುಗಳಿಂದ ಓಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಾನು ಓಡದೇ ಇದ್ದದ್ದನ್ನು ನೋಡಿ ಅವು ಬೇಸರಪಟ್ಟು ನಿಂತವು. ಬೀದಿಯ ಜನ ಬಾಗಿಲಿಗೆ ಬಂದರು, ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡರು. ಕೆದರಿದ ತಲೆ, ಕತ್ತಿನಲ್ಲಿ ಬೂಟು, ಕೈಯಲ್ಲಿ ಕರಿದಾರ. ನಾನೇ ನನ್ನನ್ನು ನೋಡಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಾವನ ಮನೆಯ ಜಗಲಿಯ ಮೇಲೆ ಕುಸಿದು ಕುಳಿತೆ. ಮಾವ ಹೊರಗೆ ಬಂದು ಬಾಗಿಲಲ್ಲೇ ಕೈ ಅಡ್ಡ ಇಟ್ಟು ನಿಂತರು. ಅವರಿಗೂ ಭಯವಾಗಿತ್ತು. ನನ್ನನ್ನು ಕಂಡು ಭಯಪಟ್ಟ ಮೊದಲ ಮನುಷ್ಯ ಅವರೇ.

ಅವರ ಕೈಯ ಕೆಳಗಿನಿಂದ ಅವಳು ತೂರಿಕೊಂಡು ಬಂದಳು. ಹತ್ತಿರ ಬರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕಂಬ ಹಿಡಿದು ನಿಂತು ನನ್ನ ಕಾಲುಗಳನ್ನು ನೋಡಿದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ಅವಳ ಅಜ್ಜಿ ಹೇಳಿದ್ದರಂತೆ. ಪಾದ ಸರಿಯಾಗಿಯೇ ಇತ್ತು. ಅದರ ಕೆಳಗೆ ಜಗಲಿಯ ಕಲ್ಲಿನ ಮೇಲೆ ರಕ್ತ ಹನಿಯುತ್ತಿತ್ತು.

ಅವಳು ಮೆಲ್ಲಗೆ ಬಂದು ಕುಕ್ಕರಗಾಲಲ್ಲಿ ಕುಳಿತು ನನ್ನ ಹಿಮ್ಮಡಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ನಾನು ಕಿರುಚಿಕೊಂಡೆ.

"ನೋಯುತ್ತಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. "ಪ್ರಾಣ ಹೋಗ್ತಿದೆ" ಎಂದೆ. ಎಲ್ಲರ ಎದುರಿಗೆ ಗಳಗಳನೆ ಅತ್ತುಬಿಟ್ಟೆ.

ಅವಳು ಕುಳಿತಲ್ಲಿಂದಲೇ ತಿರುಗಿ ಹೇಳಿದಳು. "ಅಪ್ಪಾ, ಮೆಟ್ಟಿಕೊಂಡೋರಿಗೆ ನೋವು ತಿಳಿಯಲ್ಲ ಅಂದಿದ್ರಲ್ಲ. ಇಲ್ಲಿ ಬಂದು ನೋಡಿ. ದೆವ್ವಕ್ಕೆ ಬೊಬ್ಬೆ ಬರುತ್ತಾ?"

ಮಾವ ಬಂದು ಬಗ್ಗಿ ನೋಡಿದರು. ಗಾಡಿಯ ಯಜಮಾನರೂ ಬಂದು ನೋಡಿದರು. ಅವರವರೇ ಪಾದವನ್ನು ಅತ್ತಿತ್ತ ತಿರುಗಿಸಿ, ಸಂತೆಯಲ್ಲಿ ಎತ್ತಿನ ಗೊರಸು ನೋಡುವವರ ಹಾಗೆ ಪರೀಕ್ಷೆ ಮಾಡಿದರು. ಅತ್ತೆ ಬಿಸಿನೀರು, ಅರಿಶಿನ, ಹರಳೆಣ್ಣೆ ತಂದರು. ಅವಳು ಕಾಲು ತೊಳೆಯುತ್ತಾ, ತಲೆ ಎತ್ತದೆ ಕೇಳಿದಳು.

"ಮತ್ತೆ ಯಾಕೆ ಓಡ್ತೀರಾ?"

"ಹೆಡ್‌ಮೇಷ್ಟ್ರು ಹೆಸರು ಕೊಟ್ಟುಬಿಟ್ರು. ಬೇಡ ಅನ್ನೋಕೆ ಭಯ ಆಯ್ತು."

ಅವಳ ಕೈ ನಿಂತಿತು. "ಬೇಡ ಅನ್ನೋಕೆ ಹೆದರಿ ಐವತ್ತು ಮೈಲಿ ಓಡ್ತೀರಾ?" ಎಂದು ನಕ್ಕಳು. ಹಲ್ಲಿ ಬಿದ್ದಾಗ ನಗದವಳು ಅವತ್ತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮಾವ ಮಾತ್ರ ನಗಲಿಲ್ಲ. ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, "ದೆವ್ವವಾಗಿದ್ರೆ ಬಿಡಿಸಬಹುದಿತ್ತು" ಎಂದರು.

ಸಂಜೆಯ ಬಸ್ಸಿನಲ್ಲಿ ಅವಳು ನನ್ನ ಜೊತೆಗೆ ಬಂದಳು. ಗೌರಿಹಬ್ಬಕ್ಕೆ ಬಾಗಿನ ಬಂತು. ಅದರ ಜೊತೆಗೆ ಮಾವ ಒಂದು ಮೂಟೆ ಹುರುಳಿಯನ್ನೂ ಕಳಿಸಿದ್ದರು.

ಗಾಯ ಮಾಗಿದ ಮೇಲೆ ಮತ್ತೆ ಓಡಿದೆ, ನೀರು ಕುಡಿದುಕೊಂಡು, ಎದುರಾದವರನ್ನೆಲ್ಲ ಮಾತಾಡಿಸಿಕೊಂಡು. ಭಯ ಹೋಯಿತೆಂದು ಮಾತ್ರ ತಿಳಿಯಬೇಡಿ. ಓಟದ ಹಿಂದಿನ ದಿನ ಚಿಂತಾಮಣಿಯ ಬಸ್ಸು ಹಿಡಿಯಬೇಕಿತ್ತು. ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ಅವಳು ತನ್ನ ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಹರಳೆಣ್ಣೆ ಸವರಿ, ನನ್ನ ಹಿಮ್ಮಡಿಗೆ ಸುತ್ತುತ್ತಿದ್ದಳು. ಆ ಜಟಕಾ ಕುದುರೆ ನನ್ನ ಕಣ್ಣ ಮುಂದೆ ಬಂದು ಬಿದ್ದಿತ್ತು. ಅವಳಿಗೆ ಅದನ್ನೂ ಹೇಳಿದೆ. ಅವಳು ಸುತ್ತುತ್ತಲೇ ಇದ್ದಳು. ಗಂಟು ಹಾಕುವಾಗ ನೋಡಿದೆ, ಅವಳ ಬೆರಳುಗಳು ನಡುಗುತ್ತಿದ್ದವು. ಹಲ್ಲಿಗೂ ಹೆದರದವಳ ಬೆರಳುಗಳು.

"ನೀನು ಬೇಡ ಅಂದ್ರೆ ನಾನು ಹೋಗಲ್ಲ. ಒಂದು ಮಾತು ಬೇಡ ಅನ್ನು" ಎಂದೆ.

ಅವಳು ಗಂಟನ್ನು ಬಿಗಿದಳು. ಬಹಳ ಹೊತ್ತು ನನ್ನ ಪಾದವನ್ನು ಹಿಡಿದುಕೊಂಡೇ ಇದ್ದಳು.

"ಬೇಡ ಅನ್ನೋಕೆ ನನಗೂ ಭಯ" ಎಂದಳು. "ಹೋಗಿ ಬನ್ನಿ."